ವಾಂಗ್ಯೆಯ ಅಂಗಳದಲ್ಲಿ ಮಾಜುವಿನ ಚೀಟಿ

ಡಬ್ಬಿಯ ಮುಚ್ಚಳ ತೆಗೆದು, ಅನ್ನದ ಮೇಲೆ ಹರಡಿದ್ದ ಟರ್ಕಿ ಕೋಳಿಯ ಎಳೆಗಳನ್ನು ಕಡ್ಡಿಯಿಂದ ಒಂದು ಬದಿಗೆ ಸರಿಸಿ ಮೊದಲ ತುತ್ತು ಎತ್ತುವಷ್ಟರಲ್ಲಿ ಟೂ ಪೈಹುವಾಳ ಮೇಜಿನ ಫೋನ್ ಮತ್ತೆ ಬಡಿದುಕೊಂಡಿತು. ಅವಳು ತುತ್ತನ್ನು ಡಬ್ಬಿಗೇ ಬಿಟ್ಟು, ಮಣಿಕಟ್ಟಿನ ಪಟ್ಟಿಯನ್ನು ಸ್ವಲ್ಪ ಸಡಿಲಿಸಿಕೊಂಡು, ಫೋನ್ ಎತ್ತಿದಳು.

"ಪೈಹುವಾ, ಊಟ ಆಯ್ತಾ ಮಗಾ?"

"ಆಗ್ತಾ ಇದೆ ಅಲೂಯಿ ಚಿಕ್ಕಮ್ಮ. ಪಾಸ್‌ವರ್ಡ್ ಮರ್ತೋಯ್ತಾ?"

"ಅಯ್ಯೋ, ಇವತ್ತು ಪಾಸ್‌ವರ್ಡ್ ಅಲ್ಲ ಕಣೇ." ಆ ಕಡೆ ಯಾರೋ ಗಂಟೆ ಬಾರಿಸಿದರು, ಪಟಾಕಿ ಸರವೊಂದು ಸಿಡಿದು ಮುಗಿಯಿತು. ಅಲೂಯಿ ಅದು ಮುಗಿಯುವವರೆಗೆ ಕಾದಳು. "ನನ್ನ ಕಳ್ಳಿ ಅಂತಿದಾರೆ. ವಾಂಗ್ಯೆ ಗುಡಿ ಭಕ್ತರನ್ನ ಕದ್ದು ಮಾಜು ಗುಡಿಗೆ ಸಾಗಿಸಿದ್ದೀನಂತೆ. ಹುಣ್ಣಿಮೆ ದಿನ ದೇವರ ಮುಂದೆ ಮರದ ಬಿಲ್ಲೆ ಹಾಕಿ ಕೇಳ್ತಾರಂತೆ. ಹೌದು ಅಂತ ಬಂದ್ರೆ ಅಂಗಿ ಬಿಚ್ಚಿಟ್ಟು ಮನೆಗೆ ಹೋಗಬೇಕು."

ಅಂಗಿ ಎಂದರೆ ಗುಡಿಯ ಸೇವಕರು ತೊಡುವ ಹಳದಿ ತೋಳಿಲ್ಲದ ಅಂಗಿ. ಎದೆಯ ಮೇಲೆ ಗುಡಿಯ ಹೆಸರು, ಕೆಳಗೆ ಸಣ್ಣಗೆ ತೊಟ್ಟವರ ಹೆಸರು. ಗಂಡ ತೀರಿಕೊಂಡ ಮೇಲೆ ಅಲೂಯಿ ಬಣ್ಣದ ಬಟ್ಟೆ ಅಂತ ತೊಟ್ಟಿದ್ದು ಅದೊಂದನ್ನೇ ಎಂದು ಪೈಹುವಾಗೆ ಗೊತ್ತಿತ್ತು. ಫೋನಿನಲ್ಲಿ ಪಾಸ್‌ವರ್ಡ್ ಹುಡುಕುತ್ತ ಹುಡುಕುತ್ತ ಜನ ಇಂಥ ಮಾತನ್ನೂ ಹೇಳುತ್ತಾರೆ.

"ಏನು ಮಾಡ್ತಾ ಇದ್ರಿ, ಯಾವತ್ತು, ಎಲ್ಲಿ ಕೂತಿದ್ರಿ, ಎಲ್ಲಾ ಹೇಳಿ," ಎಂದಳು ಪೈಹುವಾ. ಅನ್ನ ಆರಿತು.

ಜಿಯಾಯಿ ಪಟ್ಟಣದಲ್ಲಿ, ಸ್ಕೂಟರ್ ರಿಪೇರಿ ಅಂಗಡಿಯೊಂದರ ಮಹಡಿಯ ಮೇಲೆ ಈ ಕಚೇರಿ. ಯಜಮಾನ ವೆಂಗ್, ಪೈಹುವಾ, ಅರ್ಧ ದಿನ ಬರುವ ಲೆಕ್ಕದ ಹೆಂಗಸು, ಇಷ್ಟೇ ಜನ. ಅವರು ನಡೆಸುವುದು ಗುಡಿಗಳಿಗೆ ಬೇಕಾದ ಸಾಫ್ಟ್‌ವೇರ್. ಹೊಸ ವರ್ಷಕ್ಕೆ ಭಕ್ತರು ತಮ್ಮ ಹೆಸರಲ್ಲಿ ದೀಪ ಹಚ್ಚಿಸುತ್ತಾರೆ. ಗುಡಿಯ ಒಳಗೆ ಗೂಡುಗೂಡಿನ ಗೋಪುರ ಇರುತ್ತದೆ, ಒಂದೊಂದು ಗೂಡಿಗೆ ಒಂದು ಹೆಸರು, ಒಂದು ಪುಟ್ಟ ಬಲ್ಬು. ಮುಂದಿನ ಮೇಜಿನಲ್ಲಿ ಕೂತ ಸೇವಕರು ಹೆಸರು, ಹುಟ್ಟಿದ ದಿನ, ಮನೆ ವಿಳಾಸ ಒತ್ತಿದರೆ ಗೂಡಿನ ದೀಪ ಹೊತ್ತಿಕೊಳ್ಳುತ್ತದೆ. ಹೆಸರು ಓದುವ ದಿನ ಪುರೋಹಿತನ ಕೈಗೆ ಅದೇ ಹೆಸರುಗಳು ಅಚ್ಚಾಗಿ ಹೋಗುತ್ತವೆ. ಊರಿಗೆಲ್ಲ ರಜೆ ಇರುವ ದಿನಗಳಲ್ಲೇ ಗುಡಿಗಳಿಗೆ ಪುರಸೊತ್ತಿಲ್ಲ. ಹಾಗಾಗಿ ಹೊಸ ವರ್ಷದ ಎರಡನೇ ದಿನ, ಮದುವೆಯಾದ ಹೆಣ್ಣುಮಕ್ಕಳೆಲ್ಲ ತವರಿಗೆ ಹೋಗುವ ದಿನ, ಪೈಹುವಾ ಮಾತ್ರ ತವರಿನ ಅಡುಗೆಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿರುತ್ತಾಳೆ. ಅವಳ ತಾಯಿ ಈಗೀಗ ಅವಳ ತಟ್ಟೆಯನ್ನು ಊಟದ ಮೇಜಿನ ಮೇಲೆ ಇಡುವುದನ್ನೇ ಬಿಟ್ಟು, ನೇರ ಲ್ಯಾಪ್‌ಟಾಪಿನ ಪಕ್ಕ ಇಡುತ್ತಾಳೆ.

ಅವಳಿಗೆ ನಲವತ್ತೇಳು. ಮೊದಲು ತೈಪೆಯಲ್ಲಿ ಒಂದು ಬ್ಯಾಂಕಿನ ಒಳಬಾಗಿಲು ಕಾಯುವ ಕೆಲಸ ಮಾಡಿದವಳು, ಅಂದರೆ ಯಾರು ಲಾಗಿನ್ ಆಗಬಹುದು, ಯಾರು ಆಗಬಾರದು ಎಂದು ನೋಡುವ ಕೆಲಸ. ಗಂಡನಿಗೆ ಜಿಯಾಯಿಯ ಶಾಲೆಯಲ್ಲಿ ಬೇಸ್‌ಬಾಲ್ ಕಲಿಸುವ ಕೆಲಸ ಸಿಕ್ಕಿದಾಗ ಇಲ್ಲಿಗೆ ಬಂದಳು. ದೇವರ ಕೆಲಸ, ಬ್ಯಾಂಕಿನಷ್ಟು ತಲೆನೋವಿರಲಿಕ್ಕಿಲ್ಲ ಅಂದುಕೊಂಡಿದ್ದಳು. ಈಗ ಅದನ್ನು ನೆನೆಸಿಕೊಂಡರೆ ನಗು ಕೂಡ ಬರುವುದಿಲ್ಲ.

ಅಲೂಯಿ ಹೇಳಿದ ಕಥೆ ಸರಳವಾಗಿತ್ತು. ಕಡಲ ಪಕ್ಕದ, ಹಳೇ ಉಪ್ಪಿನ ಗದ್ದೆಗಳ ಊರು ಅವಳದು. ಅಲ್ಲಿ ಎರಡು ದೊಡ್ಡ ಗುಡಿ. ಹಳೇ ರೇವಿನಲ್ಲಿ ಕಡಲ ತಾಯಿ ಮಾಜುವಿನದು, ಉಪ್ಪಿನ ಗದ್ದೆಯ ಬದಿಯಲ್ಲಿ ಪಿಡುಗು ಓಡಿಸುವ ವಾಂಗ್ಯೆಯದು. ದೇವರುಗಳ ನಡುವೆ ಜಗಳವಿಲ್ಲ, ಸಮಿತಿಗಳ ನಡುವೆ ಅಜ್ಜಂದಿರ ಕಾಲದಿಂದ ಇದೆ. ಅಲೂಯಿ ಬೆಳಿಗ್ಗೆ ಮಾಜು ಗುಡಿಯಲ್ಲಿ ಸೇವೆ ಮಾಡಿ, ಅಲ್ಲೇ ಊಟ ಮಾಡಿ, ಮಧ್ಯಾಹ್ನ ವಾಂಗ್ಯೆ ಗುಡಿಯ ಮೇಜಿಗೆ ಹೋಗುತ್ತಿದ್ದಳು. ಮಗಳು ಕೊಡಿಸಿದ ಹೊಸ ಟ್ಯಾಬನ್ನು ಈ ವರ್ಷ ಒಂದು ದಿನ ಎರಡೂ ಕಡೆ ಬಳಸಿದ್ದಳು. ಎರಡೂ ಗುಡಿ ವೆಂಗನ ಗಿರಾಕಿಗಳೇ. ಅಂದು, ಹೊಸ ವರ್ಷದ ಆರನೇ ದಿನದ ಮಧ್ಯಾಹ್ನ, ಅವಳು ವಾಂಗ್ಯೆಯ ಮೇಜಿನಲ್ಲಿ ಕೂತು ಬರೆದುಕೊಂಡ ಹೆಸರುಗಳೆಲ್ಲ ಮಾಜುವಿನ ಗೋಪುರದಲ್ಲಿ ಹೊತ್ತಿಕೊಂಡವು. ವಾಂಗ್ಯೆಯ ಗೋಪುರದಲ್ಲಿ ಅಷ್ಟೂ ಗೂಡು ಕತ್ತಲು. ಹಾಲುಮೀನು ಸಾಕುವ ಕೊಳದ ಯಜಮಾನನೊಬ್ಬ, ಶಸ್ತ್ರಚಿಕಿತ್ಸೆಗೆ ಹೊರಟ ಮಗನ ಹೆಸರಲ್ಲಿ ದೀಪ ಹಚ್ಚಿಸಿದ್ದವನು, ಹೆಸರು ಓದುವ ದಿನ ಕೈಮುಗಿದು ನಿಂತು ಕೊನೆಯವರೆಗೂ ಕೇಳಿದ. ಮಗನ ಹೆಸರು ಬರಲಿಲ್ಲ.

ಪೈಹುವಾಗೆ ದಾಖಲೆ ತೆರೆಯುವ ಮೊದಲೇ ಕಾರಣ ತಿಳಿದಿತ್ತು. ಆದರೂ ತೆರೆದು ನೋಡಿದಳು.

ಈ ಸಾಫ್ಟ್‌ವೇರ್ ಒಂದು ವಠಾರ ಇದ್ದ ಹಾಗೆ. ಹೊರಗಿನ ಗೋಡೆ ಒಂದೇ, ಒಳಗೆ ಒಬ್ಬೊಬ್ಬ ಬಾಡಿಗೆದಾರನಿಗೂ ಬೇರೆ ಬೇರೆ ಬಾಗಿಲು. ಲಾಗಿನ್ ಆದವರಿಗೆ ಬಾಗಿಲಲ್ಲಿ ಒಂದು ಚೀಟಿ ಸಿಗುತ್ತದೆ, ಇವರು ಇಂಥವರು, ಇಂಥ ಗುಡಿಯವರು ಎಂದು ಮುದ್ರೆ ಒತ್ತಿದ ಟೋಕನ್. ಅದನ್ನು ಬ್ರೌಸರ್ ತನ್ನ ಕಿಸೆಯಲ್ಲಿ ಕುಕಿಯಾಗಿ ಇಟ್ಟುಕೊಂಡು, ಮುಂದೆ ಕೇಳಿದಾಗಲೆಲ್ಲ ತೋರಿಸುತ್ತದೆ. ಒಂದು ಮನೆಯ ಚೀಟಿಯನ್ನು ಇನ್ನೊಂದು ಮನೆಯ ಬಾಗಿಲಲ್ಲಿ ತೋರಿಸದಂತೆ ಕುಕಿಗೆ ಕಟ್ಟುಹಾಕಬೇಕು. ತೋರಿಸಿದರೂ ಬಾಗಿಲಲ್ಲಿರುವವನು ಅದರ ಮೇಲಿನ ಹೆಸರು ಓದಿ ವಾಪಸು ಕಳಿಸಬೇಕು. ಇಲ್ಲಿ ಎರಡೂ ಇರಲಿಲ್ಲ.

ಇಲ್ಲದೆ ಇದ್ದುದು ಮರೆವಿನಿಂದಲ್ಲ. ವೆಂಗನ ಮೊದಲ ಗಿರಾಕಿ ಹಳೇ ರೇವಿನ ಮಾಜು ಗುಡಿ. ಅದು ತಾಯಿ ಗುಡಿ. ಅದರ ಧೂಪದ ಬೂದಿಯನ್ನು ಒಯ್ದು ಬೇರೆ ಊರುಗಳಲ್ಲಿ ಕಟ್ಟಿದ ಮಗಳ ಗುಡಿಗಳು ಹತ್ತಾರು. ತಾಯಿ ಮನೆಯವರು ಮಗಳ ಮನೆಗೆ ಹೋದರೆ ಬಾಗಿಲು ತಟ್ಟಬೇಕೇ ಎಂದು ಅಲ್ಲಿನ ಕಾರ್ಯದರ್ಶಿ ಗಾವ್ ಅಂದು ಕೇಳಿದ್ದ. ವೆಂಗ್ ಒಪ್ಪಿಕೊಂಡು, ಒಮ್ಮೆ ಲಾಗಿನ್ ಆದರೆ ಇಡೀ ವಠಾರದಲ್ಲಿ ನಡೆಯುವಂಥ ಕುಕಿ ಮಾಡಿಕೊಟ್ಟ. ಒಂದೇ ತಾಯಿಯ ಮಕ್ಕಳಿರುವವರೆಗೆ ಏನೂ ಆಗಲಿಲ್ಲ. ಆಮೇಲೆ ವಠಾರಕ್ಕೆ ವಾಂಗ್ಯೆ ಬಂದ, ಭೂಮಿಯ ದೇವರು ಬಂದ, ಬೌದ್ಧ ಮಠವೊಂದು ಬಂತು. ಕುಕಿ ಹಾಗೇ ಉಳಿಯಿತು.

ಅಲೂಯಿ ಬೆಳಿಗ್ಗೆ ಪಡೆದ ಮಾಜುವಿನ ಚೀಟಿ ಕಿಸೆಯಲ್ಲಿರುವಾಗಲೇ ಮಧ್ಯಾಹ್ನ ವಾಂಗ್ಯೆಯ ಪುಟ ತೆರೆದಿದ್ದಳು. ಪುಟದ ತಲೆಬರಹ ಜಾಲತಾಣದ ವಿಳಾಸ ನೋಡಿ ವಾಂಗ್ಯೆಯ ಹೆಸರು ತೋರಿಸಿತು. ಹೆಸರುಗಳು ಚೀಟಿ ನೋಡಿ ಮಾಜುವಿನ ಮನೆಗೆ ಹೋದವು. ಅದುವರೆಗೆ ಅವಳು ವಾಂಗ್ಯೆ ಗುಡಿಯ ಹಳೇ ಕಂಪ್ಯೂಟರನ್ನೇ ಬಳಸಿದ್ದರಿಂದ ಇದು ನಡೆದಿರಲಿಲ್ಲ.

ಇದಕ್ಕೆ ಬೇಕಾದ ತಿದ್ದುಪಡಿಯನ್ನು ಪೈಹುವಾ ಎರಡು ವರ್ಷದ ಹಿಂದೆಯೇ ಬರೆದಿಟ್ಟಿದ್ದಳು. ಹೊಸ ವರ್ಷ ಕಳೀಲಿ ಎಂದಿದ್ದ ವೆಂಗ್. ಆಮೇಲೆ ಮಾಜುವಿನ ಹುಟ್ಟುಹಬ್ಬ ಕಳೀಲಿ ಎಂದ. ಆಮೇಲೆ ಅವಳು ಕೇಳುವುದನ್ನು ಕಡಿಮೆ ಮಾಡಿದಳು.

ವೆಂಗ್ ಸಂಜೆಗೆ ಬಂದ. ಕೈಯಲ್ಲಿ ಯಾವುದೋ ಗುಡಿಯವರು ಕೊಟ್ಟ ಕಿತ್ತಳೆಯ ಚೀಲ.

"ವಾಂಗ್ಯೆ ಗುಡಿಯವರು ದೂರು ಕೊಟ್ಟಿದ್ರಲ್ಲ, ಅದಕ್ಕೆ ಏನು ಉತ್ತರ ಕೊಟ್ರಿ?" ಎಂದು ಪೈಹುವಾ ಕೇಳಿದಳು.

"ಬಳಸಿದವರ ಕೈತಪ್ಪು ಅಂತ. ಯಾಕೆ?"

"ಅದನ್ನೇ ಸಾಕ್ಷಿ ಮಾಡ್ಕೊಂಡು ಆ ಮುದುಕೀನ ದೇವರ ಮುಂದೆ ನಿಲ್ಲಿಸ್ತಿದಾರೆ."

ವೆಂಗ್ ಒಂದು ಕಿತ್ತಳೆ ಸುಲಿಯತೊಡಗಿದ. "ಬಿಲ್ಲೆ ತಾನೇ? ಇಲ್ಲ ಅಂತ ಬಂದ್ರೆ ಮುಗೀತು."

"ಹೌದು ಅಂತ ಬಂದ್ರೆ?"

"ಪೈಹುವಾ ಅಕ್ಕ." ಅವಳಿಗಿಂತ ಹತ್ತು ವರ್ಷ ದೊಡ್ಡವನಾದರೂ, ಏನಾದರೂ ಬೇಡಬೇಕಾದಾಗ ಅವನು ಅಕ್ಕ ಎನ್ನುತ್ತಿದ್ದ. "ನಮ್ಮ ಗಿರಾಕಿಗಳಲ್ಲಿ ಅರ್ಧ ಮಾಜುವಿನ ಕುಟುಂಬ. ಗಾವ್‌ಗೆ ಆ ಒಂದೇ ಲಾಗಿನ್ ಅಂದ್ರೆ ಪ್ರಾಣ. ಮಗಳ ಮನೆಗೆಲ್ಲ ಬೀಗದಕೈ ಇದೆ ಅಂತ ಊರೆಲ್ಲಾ ಹೇಳ್ಕೊಂಡು ತಿರುಗ್ತಾನೆ. ಆ ಬೀಗದಕೈ ಪಕ್ಕದ ಮನೆಗೂ ಆಗುತ್ತೆ ಅಂತ ನೀನು ಹೋಗಿ ವಾಂಗ್ಯೆಯ ಅಂಗಳದಲ್ಲಿ ಹೇಳಿದ್ರೆ, ಅವನು ಒಂದು ದಿನ ನಿಲ್ಲಲ್ಲ. ಆಮೇಲೆ ನೀನು, ನಾನು, ಕೆಳಗೆ ಸ್ಕೂಟರ್ ತೊಳೀತಾ ಕೂರೋಣ."

"ಕೆಳಗಿನವ್ನು ನಮ್ಮನ್ನ ತಗೊಳಲ್ಲ. ಸೊಂಟ ನೋವಿರೋರು ಬೇಡ ಅಂತ ಹೋದ ವಾರ ಹೇಳ್ತಿದ್ದ."

ವೆಂಗ್ ನಕ್ಕ. ಅರ್ಧ ಕಿತ್ತಳೆ ಅವಳ ಮೇಜಿನ ಮೇಲಿಟ್ಟ. ಹೋಗಬೇಡ ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ. ಹೋಗುತ್ತೇನೆ ಎಂದು ಅವಳೂ ಹೇಳಲಿಲ್ಲ. ಹನ್ನೊಂದು ವರ್ಷ ಜೊತೆಗೆ ಕೆಲಸ ಮಾಡಿದವರಲ್ಲಿ ಹೀಗೆ ಎಷ್ಟೋ ವಿಷಯ ತೀರ್ಮಾನವಾಗದೆಯೇ ಉಳಿಯುತ್ತದೆ.

ಹುಣ್ಣಿಮೆಯ ದಿನ ಬೆಳಿಗ್ಗೆ ಅವಳು ಬಸ್ ಹತ್ತಿದಳು. ಕಿಟಕಿಯಾಚೆ ಮೀನಿನ ಕೊಳಗಳು, ನೀರಿಗೆ ಗಾಳಿ ಆಡಿಸುವ ಚಕ್ರಗಳು, ಮತ್ತೆ ಕೊಳಗಳು. ನಿದ್ದೆ ಬಂದು ತಲೆ ಎರಡು ಸಲ ಗಾಜಿಗೆ ಬಡಿಯಿತು. ಏನು ಹೇಳಬೇಕೆಂದು ಯೋಚಿಸಲು ಅವಳು ದಾರಿ ಉದ್ದಕ್ಕೂ ಪ್ರಯತ್ನಿಸಿದಳು. ಕುಕಿ ಎಂಬ ಮಾತಿನಿಂದ ಶುರುಮಾಡಿದರೆ ಯಾರೂ ಕೇಳುವುದಿಲ್ಲ ಎಂಬುದೊಂದೇ ತೀರ್ಮಾನವಾಯಿತು.

ವಾಂಗ್ಯೆಯ ಅಂಗಳದಲ್ಲಿ ಕೆಂಪು ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ ಜನ ಕೂತಿದ್ದರು. ಅಡುಗೆ ಮನೆಯ ಹೆಂಗಸರು ದೊಡ್ಡ ಬಾಣಲೆಯಲ್ಲಿ ಅಕ್ಕಿ ಶ್ಯಾವಿಗೆ ಹುರಿಯುತ್ತಿದ್ದರು. ಅಲೂಯಿ ಕಂಬದ ಪಕ್ಕ ನಿಂತಿದ್ದಳು, ಅಂಗಿ ತೊಟ್ಟುಕೊಂಡೇ, ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡು. ಪೈಹುವಾ ಅವಳನ್ನು ಮುಖಾಮುಖಿ ನೋಡಿದ್ದು ಅದೇ ಮೊದಲು. ಫೋನಿನ ದನಿಗಿಂತ ಆಳು ಬಹಳ ಚಿಕ್ಕದು.

"ನೀನೇನಾ? ಇಷ್ಟು ಸಣ್ಣಗಿದ್ದೀಯಲ್ಲೇ. ಊಟ ಮಾಡ್ತೀಯೋ ಇಲ್ವೋ?"

"ಊಟದ ಹೊತ್ತಿಗೆ ಸರಿಯಾಗಿ ನೀವು ಫೋನ್ ಮಾಡ್ತೀರಲ್ಲ ಚಿಕ್ಕಮ್ಮ."

ಸಮಿತಿಯ ಅಧ್ಯಕ್ಷ ಚ್ಯೂ ಚಿಪ್ಪುಮೀನಿನ ವ್ಯಾಪಾರಿ, ದೊಡ್ಡ ದನಿಯವನು. ಪೈಹುವಾ ತಾನು ಯಾರೆಂದು ಹೇಳಿದೊಡನೆ ಅವನು ಫೋನ್ ತೆಗೆದು ವೆಂಗನ ಉತ್ತರ ತೋರಿಸಿದ. "ನೋಡಮ್ಮ, ನಿಮ್ಮ ಕಂಪನಿಯೇ ಬರೆದಿದೆ. ಬಳಸಿದವರ ಕೈತಪ್ಪು. ಇವಳ ಕೈ ಇಷ್ಟು ಜನರ ಹೆಸರಲ್ಲಿ, ಒಂದೇ ಮಧ್ಯಾಹ್ನ, ಒಂದೇ ಕಡೆಗೆ ತಪ್ಪುತ್ತಾ? ಅದೂ ಮಾಜು ಗುಡಿ ಕಡೆಗೇ?"

"ಕೈ ತಪ್ಪಿಲ್ಲ. ಆ ಉತ್ತರ ತಪ್ಪು," ಎಂದಳು ಪೈಹುವಾ. "ಒಂದು ನಿಮಿಷ ಕೊಡಿ. ತೋರಿಸ್ತೀನಿ."

ಅವಳು ತನ್ನ ಟ್ಯಾಬ್ ತೆಗೆದು ಮೊದಲು ಮಾಜು ಗುಡಿಯ ಪುಟದಲ್ಲಿ ಲಾಗಿನ್ ಆದಳು. ಚ್ಯೂ ಹುಬ್ಬು ಗಂಟಿಕ್ಕಿದ. ಆಮೇಲೆ ಅದೇ ಟ್ಯಾಬಿನಲ್ಲಿ ವಾಂಗ್ಯೆ ಗುಡಿಯ ಪುಟ ತೆರೆದಳು. ಯಾವ ಪಾಸ್‌ವರ್ಡನ್ನೂ ಕೇಳದೆ ಪುಟ ತೆರೆದುಕೊಂಡಿತು.

"ಮೇಲೆ ಯಾವ ಗುಡಿ ಹೆಸರಿದೆ ಓದಿ."

"ನಮ್ಮದೇ."

"ನಿಮ್ಮ ಹುಟ್ಟಿದ ದಿನ ಹೇಳಿ."

ಚ್ಯೂ ಹೇಳಿದ. ಅವಳು ಅವನ ಹೆಸರು, ದಿನ, ಮನೆ ವಿಳಾಸ ಒತ್ತಿದಳು. ದೀಪ ಹೊತ್ತಿತು ಎಂದು ಪರದೆ ತೋರಿಸಿತು. ಎಲ್ಲರೂ ತೆರೆದ ಬಾಗಿಲೊಳಗೆ ಕಾಣುವ ವಾಂಗ್ಯೆಯ ಗೋಪುರದತ್ತ ತಿರುಗಿದರು. ಹೊಸದಾಗಿ ಯಾವ ಗೂಡೂ ಬೆಳಗಲಿಲ್ಲ. ಅವಳು ಮಾಜು ಗುಡಿಯ ಮೇಜಿಗೆ ಫೋನ್ ಹಚ್ಚಿ, ದನಿ ಎಲ್ಲರಿಗೂ ಕೇಳುವಂತೆ ಮಾಡಿದಳು.

"ನಮಸ್ಕಾರ, ಜಿಯಾಯಿಯ ಪೈಹುವಾ. ನಿಮ್ಮ ಗೋಪುರದಲ್ಲಿ ಈಗ ಯಾವುದಾದ್ರೂ ಹೊಸ ದೀಪ ಹತ್ತಿತಾ?"

"ಹ್ಞೂಂ, ಹತ್ತಿತಲ್ಲ," ಎಂದಿತು ಆ ಕಡೆಯ ಹೆಣ್ಣು ದನಿ. "ಮೂರನೇ ಸಾಲಲ್ಲಿ. ಚ್ಯೂ ಅಂತ... ಅಯ್ಯ, ಇದು ಉಪ್ಪಿನ ಗದ್ದೆ ಚ್ಯೂ ಅಲ್ವಾ? ಕೊನೆಗೂ ನಮ್ಮಮ್ಮನ ಹತ್ರ ಬಂದನಾ!"

ಬಾಣಲೆಯ ಹತ್ತಿರ ಸೌಟಿನ ಸದ್ದು ನಿಂತಿತು. ಆಮೇಲೆ ಹೆಂಗಸರೆಲ್ಲ ಒಟ್ಟಿಗೆ ನಕ್ಕರು. ಚ್ಯೂನ ಕಿವಿಗಳು ಕೆಂಪಾದವು.

"ಆರಿಸು ಅದನ್ನ!"

"ಇಲ್ಲಿಂದ ಆಗಲ್ಲ. ಅವರೇ ಆರಿಸ್ಬೇಕು."

"ಅಧ್ಯಕ್ಷರೂ ಕಳ್ಳರಾದ್ರಲ್ಲಪ್ಪಾ," ಎಂದಳು ಶ್ಯಾವಿಗೆ ಹುರಿಯುತ್ತಿದ್ದವಳು. "ಇವರಿಗೂ ಬಿಲ್ಲೆ ಹಾಕಿ."

ಪೈಹುವಾ ನಗಲಿಲ್ಲ. ಅವಳಿಗೆ ಕೂರಬೇಕೆನಿಸಿತು. ಯಾರೋ ಸ್ಟೂಲ್ ತಳ್ಳಿದರು. ಕೂತುಕೊಂಡು, ಅಲೂಯಿಯ ಕೊರಳಲ್ಲಿ ತೂಗುತ್ತಿದ್ದ ಪುಟ್ಟ ಕೆಂಪು ಧೂಪದ ಚೀಲವನ್ನು ತೋರಿಸಿದಳು. "ಅದು ಮಾಜು ಗುಡಿದು, ಅಲ್ವಾ? ಅದನ್ನ ಹಾಕ್ಕೊಂಡು ಚಿಕ್ಕಮ್ಮ ಇಲ್ಲಿಗೆ ಬರ್ತಾರೆ. ನೀವು ಯಾರೂ ಬೇಡ ಅನ್ನಲ್ಲ. ಟ್ಯಾಬಿನ ಕೊರಳಲ್ಲೂ ಅಂಥದ್ದೊಂದು ಇರುತ್ತೆ. ನಮ್ಮ ಬಾಗಿಲು ಆ ಚೀಲ ನೋಡಿ, ಇವರು ಮಾಜುವಿನವರು, ಇವರು ಬರೆದಿದ್ದೆಲ್ಲ ಮಾಜುಗೆ ಅಂತ ಕಳಿಸಿಬಿಟ್ಟಿದೆ. ಬಾಗಿಲು ಕೇಳಬೇಕಿತ್ತು, ಕೇಳಲಿಲ್ಲ. ತಪ್ಪು ಬಾಗಿಲಿಂದು. ಬಾಗಿಲು ನಮ್ಮದು."

ಹಾಲುಮೀನಿನ ಕೊಳದ ಯಜಮಾನ ಇದುವರೆಗೆ ಗೋಡೆಗೆ ಒರಗಿ ನಿಂತಿದ್ದ. "ಹಾಗಾದ್ರೆ ನನ್ನ ಮಗನ ದೀಪ ಇಷ್ಟು ದಿನ ಉರೀತಾ ಇತ್ತಾ?"

"ಉರೀತಾ ಇತ್ತು. ಮಾಜು ಹತ್ರ. ಹೆಸರನ್ನೂ ಓದಿದಾರೆ, ಹತ್ತನೇ ದಿನ. ದಾಖಲೆ ನೋಡಿದೀನಿ."

ಅವನು ಗೋಡೆ ಬಿಟ್ಟು ಮುಂದೆ ಬಂದ. "ಶಸ್ತ್ರಚಿಕಿತ್ಸೆ ಆಗಿದ್ದು ಹನ್ನೊಂದಕ್ಕೆ," ಎಂದ. ಆಮೇಲೆ ಕೈಚೀಲದಿಂದ ಸಿಗರೇಟು ತೆಗೆದು, ಎಲ್ಲಿದ್ದೇನೆಂದು ನೆನಪಾಗಿ, ವಾಪಸು ಇಟ್ಟುಕೊಂಡ.

ವಿಷಯ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಕೇಳುತ್ತೇವೆ ಎಂದು ವಾಂಗ್ಯೆಗೆ ಮೊದಲೇ ಧೂಪ ಹಚ್ಚಿ ಹೇಳಿಯಾಗಿತ್ತು. ಹೇಳಿ ಕೇಳದೆ ಇರುವಂತಿಲ್ಲ ಎಂದ ಚ್ಯೂ. ಯಂತ್ರದ ಮಾತು ಯಂತ್ರಕ್ಕೆ, ದೇವರ ಮಾತು ದೇವರಿಗೆ. ಅಲೂಯಿ ಮಂಡಿಯೂರಿದಳು. ಕೆಂಪು ಬಣ್ಣದ, ಅರ್ಧಚಂದ್ರದ ಎರಡು ಮರದ ಬಿಲ್ಲೆಗಳನ್ನು ಅಂಗೈಯಲ್ಲಿ ಹಿಡಿದು ಹಣೆಗೆ ಮುಟ್ಟಿಸಿದಳು. ಒಂದು ಅಂಗಾತ ಒಂದು ಬೋರಲು ಬಿದ್ದರೆ ಹೌದು. ಎರಡೂ ಬೋರಲಾದರೆ ಇಲ್ಲ. ಎರಡೂ ಅಂಗಾತವಾದರೆ ದೇವರು ನಗುತ್ತಿದ್ದಾನೆ.

"ಅಲೂಯಿ ಭಕ್ತರನ್ನ ಕದ್ದಳಾ?" ಎಂದು ಚ್ಯೂ ಗಟ್ಟಿಯಾಗಿ ಕೇಳಿದ.

ಬಿಲ್ಲೆಗಳು ಕಲ್ಲಿನ ಮೇಲೆ ಪುಟಿದು ಬಿದ್ದವು. ಎರಡೂ ಅಂಗಾತ.

ಮತ್ತೆ ಹಾಕಿಸಿದರು. ಮತ್ತೆ ಎರಡೂ ಅಂಗಾತ.

"ನಗ್ತಾ ಇದಾನೆ," ಎಂದ ಮುದುಕ ಪುರೋಹಿತ, ಕನ್ನಡಕ ಸರಿಮಾಡಿಕೊಳ್ಳುತ್ತ. "ಪ್ರಶ್ನೆ ನೆಟ್ಟಗಿಲ್ಲ. ಅಥವಾ ನಿನ್ನ ದೀಪ ನೋಡಿ ನಗ್ತಿದಾನೋ ಏನೋ."

"ಪ್ರಶ್ನೆ ಬದಲಾಯಿಸಿ," ಎಂದಳು ಪೈಹುವಾ ಕೂತಲ್ಲಿಂದಲೇ. "ಚಿಕ್ಕಮ್ಮ ಮೇಜಿನಲ್ಲಿ ಇರಬಹುದಾ ಅಂತ ಕೇಳಿ. ನಿಮಗೆ ತಿಳೀಬೇಕಾಗಿರೋದು ಅದು ತಾನೇ?"

ಚ್ಯೂ ಪುರೋಹಿತನ ಮುಖ ನೋಡಿದ. ಪುರೋಹಿತ ತಲೆಯಾಡಿಸಿದ. ಹೊಸ ಪ್ರಶ್ನೆ ಕೇಳಲಾಯಿತು. ಅಲೂಯಿ ಮತ್ತೆ ಹಣೆಗೆ ಮುಟ್ಟಿಸಿ ಹಾಕಿದಳು. ಒಂದು ಬಿಲ್ಲೆ ಅಂಗಾತ ಬಿತ್ತು. ಇನ್ನೊಂದು ಸ್ಟೂಲಿನ ಕಾಲಿಗೆ ತಗುಲಿ, ಒಂದು ಸುತ್ತು ತಿರುಗಿ, ಬೋರಲಾಯಿತು.

"ಮೂರು ಸಲ ಸಾಲಾಗಿ ಬರ್ಬೇಕು," ಎಂದ ಚ್ಯೂ.

"ಮೂರು ಸಲ ಗುಡಿ ಚಾವಣಿ ಬದಲಾಯಿಸೋಕೆ," ಎಂದ ಕೊಳದ ಯಜಮಾನ. "ಒಂದು ಮೇಜಿನ ಮುಂದೆ ಮುದುಕಿ ಕೂರೋಕೆ ಒಂದು ಸಾಕು. ಶ್ಯಾವಿಗೆ ಆರ್ತಾ ಇದೆ."

ಅಲೂಯಿ ಎದ್ದು, ಮಂಡಿಯ ಧೂಳು ಕೊಡವಿ, ನೇರ ಮೇಜಿಗೆ ಹೋಗಿ ಕೂತಳು. ಪೈಹುವಾಗೆ ಧನ್ಯವಾದ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಒಂದು ತಟ್ಟೆ ಶ್ಯಾವಿಗೆ ತಂದಿಟ್ಟು, "ಮೊದ್ಲು ತಿನ್ನು, ಯಾರ ಫೋನೂ ಎತ್ತಬೇಡ," ಎಂದಳು.

ಫೋನ್ ಬಂದೇ ಬಂತು. ಮಾಜು ಗುಡಿಯ ಗಾವ್. ಪೈಹುವಾ ತಟ್ಟೆ ಕೆಳಗಿಟ್ಟು ಅಂಗಳದ ತುದಿಗೆ ಹೋದಳು.

"ನಮ್ಮ ಗುಡಿಗೆ ಫೋನ್ ಮಾಡಿ, ಎದುರಾಳಿ ಅಂಗಳದಲ್ಲಿ ಎಲ್ಲರಿಗೂ ಕೇಳಿಸ್ತೀಯಾ? ಏನು, ಮಾಜು ಲಾಗಿನ್ ಕಳ್ಳರ ಬೀಗದಕೈ ಅಂತಾನಾ?"

"ಅಲ್ಲ ಗಾವ್ ಅವ್ರೇ. ಎಲ್ಲರಿಗೂ ಒಂದೇ ಬೀಗ ಹಾಕಿದ್ವಿ. ಇನ್ಮೇಲೆ ಬೇರೆ ಬೇರೆ ಹಾಕ್ತೀವಿ."

"ನಮ್ಮ ಮಗಳ ಗುಡಿಗಳಿಗೆ?"

"ಅವಕ್ಕೂ. ನೀವು ಹೋದ್ರೆ ಅವರ ಬಾಗಿಲಲ್ಲಿ ನಿಮ್ಮನ್ನೂ ಕೇಳುತ್ತೆ. ಒಂದು ಸಲ. ಅಷ್ಟೇ."

"ತಾಯಿನ ಯಾರಾದ್ರೂ ಬಾಗಿಲಲ್ಲಿ ನಿಲ್ಲಿಸ್ತಾರೇನಮ್ಮ?"

ಗಾವ್ ಫೋನ್ ಇಟ್ಟ. ಅವಳು ವೆಂಗನಿಗೆ ಎರಡು ಸಾಲು ಬರೆದು ಕಳಿಸಿದಳು. ನಡೆದದ್ದು ಇದು, ನಾಳೆ ಬೆಳಿಗ್ಗೆ ತಿದ್ದುಪಡಿ ಹಾಕುತ್ತೇನೆ. ಬಹಳ ಹೊತ್ತಿನ ಮೇಲೆ ಉತ್ತರ ಬಂತು. "ಹಾಕು. ಇವತ್ತು ಬೇಡ, ಹುಣ್ಣಿಮೆ ಜನ ಕಳೀಲಿ." ಅದರ ಕೆಳಗೆ, ಸ್ವಲ್ಪ ತಡೆದು, "ಊಟ ಮಾಡಿದ್ಯಾ?"

ಮರುದಿನ ಒಂಬತ್ತಕ್ಕೆ ಪೈಹುವಾ ತಿದ್ದುಪಡಿ ಹಾಕಿದಳು. ವಠಾರದಲ್ಲಿದ್ದ ಹಳೇ ಚೀಟಿಗಳೆಲ್ಲ ಒಂದೇ ಏಟಿಗೆ ರದ್ದಾಗಿ, ಎಲ್ಲ ಗುಡಿಗಳ ಎಲ್ಲ ಸೇವಕರೂ ಹೊರಗೆ ಬಿದ್ದರು. ಇನ್ನು ಮುಂದೆ ಒಬ್ಬೊಬ್ಬರೂ ತಂತಮ್ಮ ಗುಡಿಯ ಬಾಗಿಲಲ್ಲೇ ಒಳಗೆ ಬರಬೇಕು, ಒಂದು ಗುಡಿಯ ಚೀಟಿ ಇನ್ನೊಂದರಲ್ಲಿ ನಡೆಯುವುದಿಲ್ಲ. ವಾಂಗ್ಯೆಯ ಭಕ್ತರ ಹೆಸರುಗಳನ್ನು ಅವಳು ಒಂದೊಂದಾಗಿ ಅವರ ಗೋಪುರಕ್ಕೆ ಸಾಗಿಸಿದಳು. ಕೊಳದ ಯಜಮಾನ ಮಾತ್ರ ಮಗನ ದೀಪವನ್ನು ಮಾಜುವಿನ ಹತ್ತಿರವೂ ಬಿಡಿ ಎಂದು ಹೇಳಿಕಳಿಸಿದ. ಚ್ಯೂನ ದೀಪವನ್ನು ಆರಿಸಲು ಮಾಜು ಗುಡಿಯವರು ವಾರಗಟ್ಟಲೆ ಪುರಸೊತ್ತು ಮಾಡಿಕೊಳ್ಳಲಿಲ್ಲ.

ಅಂದು ಫೋನ್ ಸಂಜೆಯವರೆಗೂ ನಿಲ್ಲಲಿಲ್ಲ. ಅಲೂಯಿ ಎರಡು ಸಲ ಮಾಡಿದಳು, ಒಂದು ಗುಡಿಯ ಪಾಸ್‌ವರ್ಡಿಗೆ ಒಂದು ಸಲ.

ಮಾಜು ಗುಡಿ ಮತ್ತು ಅದರ ಮಗಳ ಗುಡಿಗಳು ಬೇಸಿಗೆಗೆ ಮೊದಲೇ ತೈನಾನಿನ ಬೇರೊಂದು ಕಂಪನಿಗೆ ಹೋದವು. ಲೆಕ್ಕದ ಹೆಂಗಸನ್ನು ವೆಂಗ್ ಬಿಡಿಸಬೇಕಾಯಿತು. ಆ ಕೆಲಸವನ್ನೂ ಈಗ ಪೈಹುವಾ ಮಾಡುತ್ತಾಳೆ, ಮಧ್ಯಾಹ್ನ ಊಟವಾದ ಮೇಲೆ.